ಎರಡು ಸೂ ನೀಲಿ

ಬಿಳಿ ಎಂದರೆ ಬಿಳಿಯಲ್ಲ. ಇದು ನಮಗೆ ಗೊತ್ತು,
ಮಾರ್ನ್ ಹೊಳೆಯ ದಡದಲ್ಲಿ ಮಂಡಿಯೂರಿದ ಹೆಂಗಸರಿಗೆ.
ಬೂದಿನೀರಲ್ಲಿ ಕುದಿಸಿ, ಕೊಡತಿಯಲ್ಲಿ ಬಡಿದು,
ಮೂರು ನೀರಲ್ಲಿ ಜಾಲಿಸಿದರೂ
ಹಾಸುಬಟ್ಟೆ ಹಳೆ ಹಲ್ಲಿನ ಬಣ್ಣಕ್ಕೇ ನಿಲ್ಲುತ್ತದೆ.
ಕೊನೆಗೊಂದು ಚಿಟಿಕೆ ನೀಲಿ ಬೇಕು,
ಕಣ್ಣಿಗೆ ಬಿಳುಪಿನ ಸುಳ್ಳು ಹೇಳಲಿಕ್ಕೆ.

ಅದನ್ನೇ ಕೇಳಿಕೊಂಡು ಬಂದ ಆ ಸಂಜೆ ಮೊಸ್ಯು ದೆಲ್ಪೆಶ್,
ಗಡ್ಡದ ತುದಿಗೆ ಹಳದಿ, ಬೂಟಿನ ತುಂಬ ಕೆಸರು.
ಮೂರು ದಿನದಿಂದ ಪಾಪ್ಲರ್ ಸಾಲಿನ ಕೆಳಗೆ
ಮುಕ್ಕಾಲಿ ನೆಟ್ಟುಕೊಂಡು
ಸಾಲ ಕೊಟ್ಟವನ ಹಾಗೆ ನೀರನ್ನು ದಿಟ್ಟಿಸುತ್ತಿದ್ದವನು.
"ಎರ್ಮಾನ್ಸ್, ನನ್ನ ನೀಲಿ ಮುಗಿಯಿತು.
ಸೂರ್ಯ ಇರುವುದು ಇನ್ನು ಹತ್ತು ನಿಮಿಷ.
ನಿಮ್ಮ ಪೊಟ್ಟಣ ಕೊಡಿ."
ಕೊಟ್ಟೆ. ಎರಡು ಸೂ ಬೆಲೆಯದು, ಇನ್ನೂ ಒಡೆಯದ್ದು.
ಹಲ್ಲಿನಿಂದ ಕಾಗದ ಹರಿದು
ಎಣ್ಣೆಯಲ್ಲಿ ಕಲಸಿ ಚಾಕುವಿನಿಂದ ಬಳಿದ,
ರೊಟ್ಟಿಗೆ ಬೆಣ್ಣೆ ಸವರುವ ಹಸಿದವನಂತೆ.

ಮೇಲೆ ರೈಲುಸೇತುವೆ, ಆಚೆ ಇಟ್ಟಿಗೆಗೂಡಿನ ಹೊಗೆ,
ಕಲ್ಲಿದ್ದಲಿನ ದೋಣಿಯೊಂದು ಬಸುರಿಯ ಹಾಗೆ ಮೆಲ್ಲಗೆ.
ಸೂರ್ಯ ಅದರ ಹಿಂದೆ,
ತಳ ಹಿಡಿದ ತಾಮ್ರದ ಬಾಣಲೆ.
ಹೊಳೆ ಅದನ್ನು ಬಿಡಿಸಿ ತೊಳೆ ತೊಳೆ ಮಾಡಿ
ಪ್ರತಿ ಅಲೆಗೂ ಒಂದೊಂದು ಹಂಚುತ್ತಿತ್ತು,
ಮಕ್ಕಳು ಹೆಚ್ಚಿದ್ದ ಮನೆಗೆ
ಒಂದೇ ಕಿತ್ತಳೆ ಬಂದ ಹಾಗೆ.

ಇಣುಕಿದೆ. ಮರ ಮರವಲ್ಲ, ನೀರು ನೀರಲ್ಲ,
ಬರೀ ಮೆತ್ತು, ಒರೆಸು, ಗೀಚು.
ಹೊಳೆಗೆ ನೇರಳೆ ಬಳಿದಿದ್ದ!
"ನೀರು ನೇರಳೆ ಇರುತ್ತದೆಯೇ, ಮೊಸ್ಯು?
ನಲವತ್ತು ವರ್ಷ ಇದರಲ್ಲಿ ಕೈ ಇಟ್ಟವಳು ನಾನು."
ತಿರುಗಲೂ ಇಲ್ಲ. "ಕೈಯಲ್ಲಲ್ಲ, ಕಣ್ಣಲ್ಲಿ ನೋಡಿ" ಎಂದ.
ಸೊಕ್ಕಿನ ಮಾತು.
ಆದರೂ ನೋಡಿದೆ.
ಸೇತುವೆಯ ಕಮಾನಿನ ಕೆಳಗೆ
ಬಿಸಿಲು ಕೈಬಿಟ್ಟ ಜಾಗದಲ್ಲಿ
ನೇರಳೆಯೇ ಇತ್ತು. ಹಾಳಾದ್ದು,
ನಲವತ್ತು ವರ್ಷ ಎಲ್ಲಿ ಅಡಗಿತ್ತು?

"ಇದು ನೀವು" ಎಂದು ಕುಂಚದ ಹಿಡಿಯಿಂದ ತೋರಿಸಿದ.
ಉಗುರಿನಷ್ಟು ಬಿಳಿ, ಅದರ ಅಂಚಿಗೆ ನನ್ನದೇ ನೀಲಿ.
ಮುಖವಿಲ್ಲ, ಮಂಡಿನೋವಿಲ್ಲ,
ಸಾಬೂನು ತಿಂದ ಬೆರಳಿಲ್ಲ.
ಫಿಲೊಮೆನ್ ಬಗ್ಗಿ ನೋಡಿ ಹೊಟ್ಟೆ ಹಿಡಿದು ನಕ್ಕಳು:
"ಗುಬ್ಬಿ ಹೇತಂತೆ ಬರೆದಿದ್ದಾನಲ್ಲೇ ನಿನ್ನ!"
ಬೆಳಕು ಹೋಯಿತು. ಎಲ್ಲ ಮಡಚಿಕೊಂಡು
ದುಡ್ಡು ನಾಳೆ ಎಂದು ರೈಲಿಗೆ ಓಡಿದ.
ಆ ನಾಳೆ ಬರಲಿಲ್ಲ.

ಅಂದಿನಿಂದ ನನ್ನ ಕಣ್ಣು ಕೆಟ್ಟಿತು.
ತೊಳೆದ ಅಂಗಿಯ ಮಡಿಕೆಯಲ್ಲಿ ಹಸಿರು,
ಹಿಮದ ಮೇಲೆ ಬೇಲಿಯ ನೆರಳು ಅಚ್ಚ ನೀಲಿ,
ಗಂಡ ಒನೆಜಿಮ್ ಜ್ವರದಲ್ಲಿ ಮಲಗಿದ್ದಾಗ
ಅವನ ಕೆನ್ನೆಯ ಹಳ್ಳದಲ್ಲಿ ಪಾಚಿಯ ಬಣ್ಣ.
ಯಾರಿಗೆ ಹೇಳಲಿ? ಹೇಳಿದರೆ
ಪಾದ್ರಿಯನ್ನು ಕರೆಸುತ್ತಾರೆ.

ಆರು ಚಳಿಗಾಲ ಕಳೆದು
ಡಾಕ್ಟರ್ ಕುವಿಲಿಯೆ ಮನೆಗೆ ಇಸ್ತ್ರಿಬಟ್ಟೆ ಕೊಡಲು
ಹಿತ್ತಿಲ ಬಾಗಿಲಿಂದ, ಅಡುಗೆಮನೆ ದಾಟಿ ಹೋದರೆ
ಊಟದ ಕೋಣೆಯ ಗೋಡೆಗೆ, ಚಿನ್ನದ ಚೌಕಟ್ಟಿನಲ್ಲಿ, ನಾನು.
ದೂರದಿಂದ ನೋಡಿದ್ದು ಅದೇ ಮೊದಲು.
ಹತ್ತು ಹೆಜ್ಜೆ ಆಚೆಯಿಂದ ಮೆತ್ತಿದ್ದೆಲ್ಲ ನೀರಾಗಿ
ಆ ನೀರು ಹರಿಯುತ್ತಿತ್ತು.
ದಡದಲ್ಲೊಬ್ಬಳು ಬೆನ್ನು ನೆಟ್ಟಗೆ ಮಾಡಿಕೊಳ್ಳಲು
ಆಗಷ್ಟೇ ಎದ್ದಿದ್ದಳು.
ಸೊಂಟಕ್ಕೆ ಕೈ ಇಟ್ಟಿದ್ದಾಳೆಂದು
ನನಗೊಬ್ಬಳಿಗೇ ಗೊತ್ತು.

"ಚೆಂದ ಅಲ್ಲವೆ?" ಮದಾಮ್ ಅಂದರು, ಚಮಚ ಎಣಿಸುತ್ತ.
"ಆ ಬಿಳಿಯದು ಹೆಬ್ಬಾತು ಇರಬೇಕು."
"ಹೌದು ಮದಾಮ್, ಹೆಬ್ಬಾತು."
ಹನ್ನೆರಡು ಮೇಜುಬಟ್ಟೆ, ಇಪ್ಪತ್ನಾಲ್ಕು ಕರವಸ್ತ್ರ
ಲೆಕ್ಕ ಒಪ್ಪಿಸಿದೆ.

ತಿರುಗುವಾಗ ಒಂದು ಸಂಗತಿ ಕಂಡಿತು,
ಒಗೆಯುವವಳ ಕಣ್ಣಿಗಷ್ಟೇ ಸಿಕ್ಕುವಂಥದ್ದು:
ಅವನ ಬಣ್ಣಗಳೆಲ್ಲ ಗಟ್ಟಿ, ನನ್ನ ನೀಲಿ ಮಾತ್ರ
ಅಂಚಿನಲ್ಲಿ ಬಾಡತೊಡಗಿದೆ.
ಅಗ್ಗದ ನೀಲಿ, ಮುಂದಿನ ಒಗೆತದವರೆಗಷ್ಟೇ ಅದರ ಆಯುಸ್ಸು.
ನಾನೂ ಅಲ್ಲಿ, ಸೂಪಿನ ಹಬೆಯಲ್ಲಿ,
ಹಳೆ ಹಲ್ಲಿನ ಬಣ್ಣಕ್ಕೆ ತಿರುಗುತ್ತಿದ್ದೇನೆ, ನಿಧಾನವಾಗಿ.

ಖಾಲಿ ಬುಟ್ಟಿ ಹೊತ್ತು ದಡಕ್ಕೆ ಬಂದು ನಿಂತೆ.
ಕಮಾನಿನ ಕೆಳಗೆ ಮತ್ತೆ ನೇರಳೆ,
ಯಾರು ನೋಡಲಿ ಬಿಡಲಿ, ಬಿಟ್ಟಿ.
ಎರಡು ಸೂ ಮಾತ್ರ
ಇನ್ನೂ ಬಾಕಿ.